ಬರ್ಬನ್ ವಿಸ್ಕಿ: ಮೆಕ್ಕೆಜೋಳದ ಗಂಜಿಯಿಂದ ಸುಟ್ಟ ಪೀಪಾಯಿವರೆಗೆ

ಪ್ರಶ್ನೆ: ಬೆಂಗಳೂರಿನಲ್ಲೇ ತಯಾರಾದ ಒಂದು ಸಿಂಗಲ್ ಮಾಲ್ಟ್ ವಿಸ್ಕಿ ಬಗ್ಗೆ ಓದುವಾಗ ‘ಬರ್ಬನ್ ಪೀಪಾಯಿಯಲ್ಲಿ ಮಾಗಿಸಿದ್ದು’ ಅಂತ ಇತ್ತು. ಬರ್ಬನ್ ಅಂದರೆ ಬೇರೆ ಮದ್ಯವಾ, ವಿಸ್ಕಿಯ ಒಂದು ಬ್ರ್ಯಾಂಡಾ? ಕೆಂಟಕಿಯಲ್ಲಿ ಮಾಡಿದ್ದಕ್ಕೆ ಮಾತ್ರ ಆ ಹೆಸರಂತೆ, ಅದನ್ನು ಪಾದ್ರಿಯೊಬ್ಬರು ಕಂಡುಹಿಡಿದರಂತೆ, ಆ ಕೆಂಪು ಬಣ್ಣ ಸಕ್ಕರೆ ಸುಟ್ಟು ಬೆರೆಸಿದ್ದಂತೆ. ಇದರಲ್ಲಿ ಎಷ್ಟು ನಿಜ? ಹಳೆಯದಾದಷ್ಟೂ ಒಳ್ಳೆಯದಾ?

ಉತ್ತರ: ಬರ್ಬನ್ ಬ್ರ್ಯಾಂಡ್ ಅಲ್ಲ. ವಿಸ್ಕಿಯಲ್ಲೇ ಒಂದು ಬಗೆ, ಅಮೆರಿಕದ್ದು. ನೀವು ಕೇಳಿಸಿಕೊಂಡ ಮೂರು ಮಾತುಗಳಲ್ಲಿ ಒಂದೂ ನಿಲ್ಲುವುದಿಲ್ಲ. ಅಮೆರಿಕದ ಕೆಂಟಕಿ ರಾಜ್ಯದಲ್ಲೇ ಮಾಡುವುದು ಕಡ್ಡಾಯವಲ್ಲ, ಪಾದ್ರಿಯ ಕಥೆಗೆ ಆ ಕಾಲದ ಆಧಾರ ಇಲ್ಲ, ಬಣ್ಣ ಬೆರೆಸೋಕೆ ಕಾನೂನು ಬಿಡುವುದಿಲ್ಲ. ಬರ್ಬನ್ ಅನ್ನು ಒಬ್ಬರು ಕೂತು ಕಂಡುಹಿಡಿದದ್ದಲ್ಲ. ಬೆಳೆದ ಮೆಕ್ಕೆಜೋಳ ಸಾಗಿಸಲಾಗದ ರೈತರು, ಹೆಸರೂ ದಾಖಲಾಗದ ಗುಲಾಮ ಕೆಲಸಗಾರರು, ಪೀಪಾಯಿ ಕಟ್ಟುವವರು, ಕಲಬೆರಕೆ ನೋಡಿ ಸಿಟ್ಟಿಗೆದ್ದ ವ್ಯಾಪಾರಿಗಳು, ಇವರೆಲ್ಲ ಸೇರಿ ಸುಮಾರು ನೂರೈವತ್ತು ವರ್ಷದಲ್ಲಿ ಅದನ್ನು ಈಗಿನ ರೂಪಕ್ಕೆ ತಂದರು. ಈ ಮಾತು ಮನಸ್ಸಿನಲ್ಲಿದ್ದರೆ ಉಳಿದದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಬಳಸುವ ಧಾನ್ಯದಲ್ಲಿ ಕನಿಷ್ಠ 51 ಶೇಕಡಾ ಮೆಕ್ಕೆಜೋಳ ಇರಬೇಕು (ಮುಂದೆ ಜೋಳ ಅಂದಲ್ಲೆಲ್ಲ ಇದೇ). ಭಟ್ಟಿ ಇಳಿಸುವಾಗ ಆಲ್ಕೋಹಾಲ್ ಪ್ರಮಾಣ 80 ಶೇಕಡಾ ದಾಟಬಾರದು, ಯಾಕೆಂದರೆ ಅದಕ್ಕಿಂತ ಜಾಸ್ತಿ ಶುದ್ಧ ಮಾಡುತ್ತಾ ಹೋದರೆ ಧಾನ್ಯದ ರುಚಿಯೇ ಹೊರಟುಹೋಗುತ್ತದೆ. ಪೀಪಾಯಿಗೆ ತುಂಬುವಾಗ 62.5 ಶೇಕಡಾ ಮೀರಬಾರದು. ಆ ಪೀಪಾಯಿ ಓಕ್ ಮರದ್ದಾಗಿರಬೇಕು, ಹೊಸದಾಗಿರಬೇಕು, ಒಳಗೆ ಸುಟ್ಟಿರಬೇಕು. ಬಾಟಲಿಗೆ ಇಳಿಸುವಾಗ ಕನಿಷ್ಠ 40 ಶೇಕಡಾ ಇರಬೇಕು. ನೀರು ಬಿಟ್ಟು ಬೇರೇನನ್ನೂ ಸೇರಿಸುವ ಹಾಗಿಲ್ಲ, ಬಣ್ಣವೂ ಇಲ್ಲ, ಪರಿಮಳವೂ ಇಲ್ಲ. ಮತ್ತೆ, ಅಮೆರಿಕದಲ್ಲೇ ಮಾಡಿರಬೇಕು. 1964ರಲ್ಲಿ ಅಲ್ಲಿನ ಸಂಸತ್ತು ಬರ್ಬನ್ ‘ಅಮೆರಿಕದ ವಿಶಿಷ್ಟ ಉತ್ಪನ್ನ’ ಅಂತ ನಿರ್ಣಯ ಮಾಡಿತು. ಹಾಗಾಗಿ ಟೆಕ್ಸಾಸ್‌ನಲ್ಲಿ ಮಾಡಿದರೂ ನ್ಯೂಯಾರ್ಕ್‌ನಲ್ಲಿ ಮಾಡಿದರೂ ಬರ್ಬನ್ನೇ. ಆದರೆ ಹೆಚ್ಚಿನ ಪಾಲು ತಯಾರಾಗುವುದು ಇಂದಿಗೂ ಕೆಂಟಕಿಯಲ್ಲೇ. ಆ ರಾಜ್ಯದಲ್ಲಿ ಜನಕ್ಕಿಂತ ಮಾಗುತ್ತಿರುವ ಪೀಪಾಯಿಗಳ ಸಂಖ್ಯೆಯೇ ದೊಡ್ಡದು.

ಯಾಕೆ ಕೆಂಟಕಿ? ಅಮೆರಿಕದ ಪೂರ್ವ ಕರಾವಳಿಯಲ್ಲಿ ಮೊದಲು ಮಾಡುತ್ತಿದ್ದ ವಿಸ್ಕಿ ರೈ ಧಾನ್ಯದ್ದು. ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್ ಕಡೆ ಅದೇ ಚಾಲ್ತಿ. ಜಾರ್ಜ್ ವಾಷಿಂಗ್ಟನ್ ಕೂಡ ಅಧ್ಯಕ್ಷ ಪದವಿಯಿಂದ ಇಳಿದ 1797ರಲ್ಲೇ ತಮ್ಮ ಮೌಂಟ್ ವೆರ್ನಾನ್ ತೋಟದಲ್ಲಿ ರೈ ವಿಸ್ಕಿಯ ಭಟ್ಟಿ ಹಾಕಿಸಿದರು. ಸ್ಕಾಟ್ಲೆಂಡಿನಿಂದ ಬಂದ ಮೇಲ್ವಿಚಾರಕ ಇದ್ದರು, ದುಡಿಯುತ್ತಿದ್ದವರು ಗುಲಾಮರು. ಅಪಲೇಚಿಯನ್ ಬೆಟ್ಟಸಾಲು ದಾಟಿ ಪಶ್ಚಿಮಕ್ಕೆ ಹೋದವರ ಸ್ಥಿತಿ ಬೇರೆ. ಅಲ್ಲಿ ಸುಲಭವಾಗಿ ಬರುತ್ತಿದ್ದ ಬೆಳೆ ಮೆಕ್ಕೆಜೋಳ. ಅಮೆರಿಕದ ಮೂಲನಿವಾಸಿಗಳು ತಲೆತಲಾಂತರದಿಂದ ಬೆಳೆಸಿ ಪಳಗಿಸಿದ್ದ ಬೆಳೆ ಅದು. ಜೊತೆಗೆ ಆಗ ಕೆಂಟಕಿ ವರ್ಜೀನಿಯಾದ ಭಾಗವಾಗಿತ್ತು, 1779ರ ವರ್ಜೀನಿಯಾದ ಭೂ ಕಾನೂನು ಮೊದಲೇ ಬಂದು ನೆಲೆಸಿ ಜೋಳ ಬೆಳೆದವರಿಗೆ 400 ಎಕರೆಯ ಹಕ್ಕು ಕೊಟ್ಟಿತು. ಅಂದರೆ ಜೋಳ ಬಿತ್ತುವುದು ಹೊಟ್ಟೆಪಾಡಷ್ಟೇ ಅಲ್ಲ, ಜಮೀನಿನ ದಾಖಲೆಯೂ ಹೌದು.

ಬೆಳೆದರು ಸರಿ, ಮಾರುವುದು ಎಲ್ಲಿ? ಪೂರ್ವಕ್ಕೆ ಬೆಟ್ಟ, ಗಾಡಿ ರಸ್ತೆ ಇಲ್ಲ. ಮೂಟೆಗಟ್ಟಲೆ ಜೋಳವನ್ನು ಕುದುರೆ ಬೆನ್ನ ಮೇಲೆ ಹೇರಿದರೆ ಬರುವ ದುಡ್ಡು ಕುದುರೆಯ ಮೇವಿಗೂ ಸಾಲದು. ಇಟ್ಟುಕೊಂಡರೆ ಹುಳ, ಇಲಿ. ಅದೇ ಜೋಳವನ್ನು ಭಟ್ಟಿ ಇಳಿಸಿದರೆ ಭಾರ ಇಳಿಯುತ್ತದೆ, ಬೆಲೆ ಏರುತ್ತದೆ, ಕೆಡುವುದಿಲ್ಲ, ಉಳಿದ ಚರಟ ದನ ಹಂದಿಗೆ ಮೇವು. ಹೀಗಾಗಿ ಪ್ರತಿ ಊರಿನಲ್ಲೂ ಒಂದಿಷ್ಟು ರೈತರ ಹತ್ತಿರ ತಾಮ್ರದ ಭಟ್ಟಿ ಇರುತ್ತಿತ್ತು. ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್, ಜರ್ಮನಿ ಕಡೆಯಿಂದ ವಲಸೆ ಬಂದ ಕುಟುಂಬಗಳಿಗೆ ಈ ಕೆಲಸ ಮೊದಲೇ ಗೊತ್ತಿತ್ತು, ಧಾನ್ಯ ಮಾತ್ರ ಹೊಸದು.

1791ರಲ್ಲಿ ಹೊಸ ಸರ್ಕಾರ ಸ್ವಾತಂತ್ರ್ಯ ಯುದ್ಧದ ಸಾಲ ತೀರಿಸಲು ವಿಸ್ಕಿ ಮೇಲೆ ಸುಂಕ ಹಾಕಿತು. ಪಶ್ಚಿಮ ಪೆನ್ಸಿಲ್ವೇನಿಯಾದ ರೈತರು ದಂಗೆಯೆದ್ದರು, 1794ರಲ್ಲಿ ವಾಷಿಂಗ್ಟನ್ ಸೈನ್ಯ ಕರೆದುಕೊಂಡೇ ಹೊರಟರು. ಆ ದಂಗೆಯಿಂದ ತಪ್ಪಿಸಿಕೊಂಡವರೇ ಕೆಂಟಕಿಗೆ ಬಂದು ಬರ್ಬನ್ ಹುಟ್ಟುಹಾಕಿದರು ಅಂತ ಒಂದು ಮಾತಿದೆ. ಅದು ಸರಿ ಹೊಂದುವುದಿಲ್ಲ. ಅದಕ್ಕೂ ಮುಂಚೆಯೇ ಕೆಂಟಕಿಯಲ್ಲಿ ಭಟ್ಟಿಗಳು ಉರಿಯುತ್ತಿದ್ದವು, ಸುಂಕ ಅಲ್ಲಿಗೂ ಅನ್ವಯಿಸುತ್ತಿತ್ತು.

ಇನ್ನು ಪಾದ್ರಿಯ ಕಥೆ. ಎಲೈಜಾ ಕ್ರೇಗ್ ಅನ್ನುವ ಬ್ಯಾಪ್ಟಿಸ್ಟ್ ಪಾದ್ರಿ ನಿಜವಾಗಿ ಇದ್ದವರು. ಜಾರ್ಜ್‌ಟೌನ್‌ನಲ್ಲಿ ಗಿರಣಿ ನಡೆಸುತ್ತಿದ್ದರು, ವಿಸ್ಕಿಯನ್ನೂ ಮಾಡುತ್ತಿದ್ದರು. ಒಂದು ದಿನ ಕೊಟ್ಟಿಗೆಗೆ ಬೆಂಕಿ ಬಿತ್ತು, ಪೀಪಾಯಿಗಳ ಒಳಗೆಲ್ಲ ಸುಟ್ಟುಹೋಯಿತು, ಎಸೆಯಲು ಮನಸ್ಸಾಗದೆ ಅದರಲ್ಲೇ ವಿಸ್ಕಿ ತುಂಬಿದರು, ರುಚಿ ಬಂತು ಅನ್ನುವುದು ಕಥೆ. ಅವರು ತೀರಿಕೊಂಡದ್ದು 1808ರಲ್ಲಿ. ಈ ಕೀರ್ತಿ ಅವರ ಪಾಲಿಗೆ ಬಂದದ್ದು 1874ರಲ್ಲಿ ಅಚ್ಚಾದ ಕೆಂಟಕಿ ಇತಿಹಾಸದ ಒಂದೇ ಒಂದು ಸಾಲಿನಿಂದ. ಮದ್ಯಪಾನ ವಿರೋಧಿ ಚಳವಳಿ ಜೋರಾಗಿದ್ದ ದಿನಗಳಲ್ಲಿ ವಿಸ್ಕಿಗೆ ಒಬ್ಬ ಧರ್ಮಬೋಧಕನೇ ಮೂಲಪುರುಷ ಅಂತ ಹೇಳಿಕೊಳ್ಳುವುದು ವ್ಯಾಪಾರಿಗಳಿಗೆ ಅನುಕೂಲವೇ ಆಗಿತ್ತು. ಆಮೇಲೆ ಅವರ ಹೆಸರಲ್ಲೇ ಒಂದು ಬ್ರ್ಯಾಂಡ್ ಬಂತು, ಕಥೆ ಗಟ್ಟಿಯಾಯಿತು.

ಹಾಗಾದರೆ ಸುಟ್ಟ ಪೀಪಾಯಿ ಬಂದದ್ದು ಹೇಗೆ? ಅದಕ್ಕೆ ಬೆಂಕಿ ಅನಾಹುತ ಬೇಕಾಗಿಲ್ಲ. ಪೀಪಾಯಿ ಕಟ್ಟುವಾಗ ಹಲಗೆ ಬಾಗಿಸಲು ಹೇಗೂ ಬೆಂಕಿ ಹಿಡಿಯಬೇಕು. ಮೀನೋ ಉಪ್ಪುಮಾಂಸವೋ ತುಂಬಿದ್ದ ಹಳೆ ಪೀಪಾಯಿಯ ವಾಸನೆ ತೆಗೆಯಲು ಒಳಗೆ ಸುಡುವುದೂ ರೂಢಿ. ಬ್ರಾಂದಿ ಮಾಡುವ ಫ್ರೆಂಚರಿಗಂತೂ ಓಕ್ ಪೀಪಾಯಿಯನ್ನು ಬೆಂಕಿಗೆ ಒಡ್ಡುವುದು ಎಷ್ಟೋ ಹಿಂದಿನಿಂದ ಗೊತ್ತಿತ್ತು. 1826ರಲ್ಲಿ ಲೆಕ್ಸಿಂಗ್ಟನ್‌ನ ಒಬ್ಬ ದಿನಸಿ ವ್ಯಾಪಾರಿ ಒಬ್ಬ ವಿಸ್ಕಿ ತಯಾರಕರಿಗೆ ಬರೆದ ಪತ್ರ ಇಂದಿಗೂ ಉಳಿದಿದೆ. ಪೀಪಾಯಿಯ ಒಳಭಾಗ ಸ್ವಲ್ಪ ಸುಟ್ಟರೆ ವಿಸ್ಕಿ ತುಂಬ ಸುಧಾರಿಸುತ್ತದೆ ಅಂತ ಕೇಳಿದ್ದೇನೆ ಅನ್ನುವುದು ಅದರ ಸಾರ. ನನಗೆ ಬರ್ಬನ್ ಚರಿತ್ರೆಯಲ್ಲಿ ಬಹಳ ಇಷ್ಟವಾಗುವ ಕಾಗದ ಇದು. ಅಂಗಡಿಯವರು ಗಿರಾಕಿಗೆ ಏನು ಹಿಡಿಸುತ್ತದೆ ನೋಡಿ, ಅದನ್ನು ಮಾಡುವವರಿಗೆ ತಿಳಿಸಿ, ಹಾಗೇ ರೂಢಿ ಬೆಳೆದಿದೆ.

ಸಾಗಣೆಯೂ ಸೇರಿಕೊಂಡಿತು. ಪೀಪಾಯಿಗಳನ್ನು ಚಪ್ಪಟೆ ದೋಣಿಗಳಲ್ಲಿ ತುಂಬಿ ಓಹಾಯೋ ನದಿಯಿಂದ ಮಿಸಿಸಿಪಿಗೆ, ಅಲ್ಲಿಂದ ನ್ಯೂ ಆರ್ಲಿಯನ್ಸ್‌ಗೆ ತೇಲಿಬಿಡುತ್ತಿದ್ದರು. ನದಿ ತುಂಬುವವರೆಗೆ ಕಾಯಬೇಕು, ಆಮೇಲೆ ವಾರಗಟ್ಟಲೆ ಪ್ರಯಾಣ. ತುಂಬಿದ ದಿನ ನೀರಿನಂತೆ ಬೆಳ್ಳಗಿದ್ದ ವಿಸ್ಕಿಗೆ ಅಷ್ಟರಲ್ಲಿ ಬಣ್ಣ ಬಂದಿರುತ್ತಿತ್ತು, ಗಂಟಲು ಸುಡುವುದು ಕಡಿಮೆಯಾಗಿರುತ್ತಿತ್ತು. ‘ಬರ್ಬನ್ ವಿಸ್ಕಿ’ ಅಂತ ಪತ್ರಿಕೆಯ ಜಾಹೀರಾತಿನಲ್ಲಿ ಕಾಣಿಸಿಕೊಳ್ಳುವುದು 1821ರಲ್ಲಿ, ಕೆಂಟಕಿಯ ಪ್ಯಾರಿಸ್ ಪಟ್ಟಣದಲ್ಲಿ. ಆ ಪಟ್ಟಣ ಇರುವುದು ಬರ್ಬನ್ ಕೌಂಟಿಯಲ್ಲೇ, ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು. ಸ್ವಾತಂತ್ರ್ಯ ಯುದ್ಧಕ್ಕೆ ನೆರವಾದ ಫ್ರಾನ್ಸಿನ ಬರ್ಬನ್ ರಾಜಮನೆತನದ ಗೌರವಕ್ಕೆ 1785ರಲ್ಲಿ ಆ ಕೌಂಟಿಗೆ ಇಟ್ಟ ಹೆಸರು ಅದು.

ಇನ್ನೊಬ್ಬರನ್ನು ಇಲ್ಲಿ ಹೇಳಲೇಬೇಕು. ಜೇಮ್ಸ್ ಕ್ರೋ ಅಂತ ಸ್ಕಾಟ್ಲೆಂಡಿನಿಂದ ಬಂದ ವೈದ್ಯ. 1820ರ ದಶಕದಿಂದ 1856ರಲ್ಲಿ ತೀರಿಕೊಳ್ಳುವವರೆಗೆ ಕೆಂಟಕಿಯಲ್ಲಿ ವಿಸ್ಕಿ ಮಾಡಿಸಿದವರು, ಅದರಲ್ಲಿ ಬಹಳ ಕಾಲ ಆಸ್ಕರ್ ಪೆಪ್ಪರ್ ಅವರ ಭಟ್ಟಿಯಲ್ಲಿ. ಅಲ್ಲೇ ಈಗ ವುಡ್‌ಫರ್ಡ್ ರಿಸರ್ವ್ ಬರ್ಬನ್‌ನ ಭಟ್ಟಿ ಇರುವುದು. ಅವರು ಬರುವ ಮೊದಲು ಎಲ್ಲ ಕೈ ಅಂದಾಜು. ಒಂದು ಸಲ ಚೆನ್ನಾಗಿ ಬಂದದ್ದು ಮುಂದಿನ ಸಲ ಹುಳಿದುಹೋಗುತ್ತಿತ್ತು. ಕ್ರೋ ಉಷ್ಣಮಾಪಕ ಇಟ್ಟರು, ಸಕ್ಕರೆ ಅಳೆಯುವ ಉಪಕರಣ ಇಟ್ಟರು, ಆಮ್ಲ ನೋಡಿದರು, ಪ್ರತಿಯೊಂದನ್ನೂ ಬರೆದಿಟ್ಟರು. ಹುಳಿ ಗಂಜಿಯ ಪದ್ಧತಿ (ಅದೇನು ಅಂತ ಮುಂದೆ ಹೇಳುತ್ತೇನೆ) ಅವರದೇ ಆವಿಷ್ಕಾರ ಅನ್ನುತ್ತಾರೆ, ಅದು ಅವರಿಗಿಂತ ಹಳೆಯದು. ಕ್ಯಾಥರೀನ್ ಕಾರ್ಪೆಂಟರ್ ಅನ್ನುವ ಮಹಿಳೆ 1818ರಲ್ಲೇ ಬರೆದಿಟ್ಟ ಅಂಥ ವಿಧಾನ ಸಿಕ್ಕಿದೆ. ಕ್ರೋ ಮಾಡಿದ್ದು ಅದನ್ನು ಅಳತೆಗೆ ತಂದದ್ದು. ಅದೇನೂ ಸಣ್ಣ ಕೆಲಸವಲ್ಲ.

ಈಗ ತಯಾರಿಕೆಗೆ ಬರೋಣ.

ಹೆಚ್ಚಿನ ಬರ್ಬನ್‌ಗಳಲ್ಲಿ ಜೋಳ 70ರಿಂದ 80 ಶೇಕಡಾ ಇರುತ್ತದೆ. ಉಳಿದದ್ದರಲ್ಲಿ ಒಂದಿಷ್ಟು ರೈ, ಒಂದಿಷ್ಟು ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಜೋಳ ಸಿಹಿ ಕೊಡುತ್ತದೆ, ರೈ ಮೆಣಸಿನಂಥ ಖಾರ ಕೊಡುತ್ತದೆ. ರೈ ಬದಲು ಗೋಧಿ ಹಾಕಿದರೆ ಮೆತ್ತಗೆ ಇರುತ್ತದೆ. ಬಿಲ್ ಸ್ಯಾಮುಯೆಲ್ಸ್ 1950ರ ದಶಕದಲ್ಲಿ ಶುರುಮಾಡಿದ ಮೇಕರ್ಸ್ ಮಾರ್ಕ್, ಕೆಂಪು ಮೇಣದ ಮುದ್ರೆ ಇರುವುದು, ಅದು ಗೋಧಿಯದ್ದು. ಬಾರ್ಲಿ ಹಾಕುವುದು ರುಚಿಗಿಂತ ಕೆಲಸಕ್ಕೆ. ಮೊಳಕೆ ಬಾರ್ಲಿಯಲ್ಲಿರುವ ಕಿಣ್ವಗಳೇ ಜೋಳದ ಪಿಷ್ಟವನ್ನು ಒಡೆದು ಸಕ್ಕರೆ ಮಾಡುವುದು. ಅದಿಲ್ಲದೆ ಯೀಸ್ಟ್‌ಗೆ ತಿನ್ನಲು ಏನೂ ಇರುವುದಿಲ್ಲ.

ಜೋಳದ ಹಿಟ್ಟನ್ನು ಮೊದಲು ನೀರಿನಲ್ಲಿ ಕುದಿಸುತ್ತಾರೆ. ಅದರ ಪಿಷ್ಟ ಗಟ್ಟಿ, ಕುದಿ ಬರದಿದ್ದರೆ ಬಿಟ್ಟುಕೊಡುವುದಿಲ್ಲ. ಆಮೇಲೆ ಸ್ವಲ್ಪ ಆರಿಸಿ ರೈ ಅಥವಾ ಗೋಧಿ, ಇನ್ನೂ ಆರಿಸಿ ಸುಮಾರು 65 ಡಿಗ್ರಿಗೆ ಬಂದಾಗ ಬಾರ್ಲಿ. ಈ ಕ್ರಮ ತಪ್ಪಿ ಕುದಿಯುವ ಗಂಜಿಗೇ ಬಾರ್ಲಿ ಸುರಿದರೆ ಕಿಣ್ವ ಸತ್ತುಹೋಗುತ್ತದೆ. ಗಂಜಿ ತಣ್ಣಗಾದ ಮೇಲೆ ಯೀಸ್ಟ್ ಹಾಕಿ ಮೂರರಿಂದ ಐದು ದಿನ ಹುದುಗಲು ಬಿಡುತ್ತಾರೆ. ಮೊದಲ ದಿನ ತೊಟ್ಟಿಯ ಪಕ್ಕ ನಿಂತರೆ ಗಂಜಿ ತಾನೇ ಕುದಿಯುತ್ತಿರುವ ಹಾಗೆ ಮಗುಚಿಕೊಳ್ಳುತ್ತಿರುತ್ತದೆ, ಕೆಳಗೆ ಬೆಂಕಿ ಇರುವುದಿಲ್ಲ, ಅದು ಯೀಸ್ಟ್ ಬಿಡುವ ಇಂಗಾಲದ ಡೈಆಕ್ಸೈಡ್. ಬಗ್ಗಿ ಮೂಸಿದರೆ ಮೂಗಿಗೆ ಚುರ್ ಅಂತ ಹೊಡೆಯುತ್ತದೆ, ಹಾಗೆ ಬಗ್ಗಲೂಬಾರದು. ಕೊನೆಯ ದಿನದ ಹೊತ್ತಿಗೆ ಎಲ್ಲ ಶಾಂತ, ಮೇಲೆ ತೆಳು ಹಳದಿ ನೀರು, ಬಾಯಿಗಿಟ್ಟರೆ ಹುಳಿ, ಸಿಹಿ ಇಲ್ಲವೇ ಇಲ್ಲ. ಸಕ್ಕರೆಯೆಲ್ಲ ಆಲ್ಕೋಹಾಲ್ ಆಗಿದೆ, ಸುಮಾರು 8ರಿಂದ 10 ಶೇಕಡಾ.

ಯೀಸ್ಟ್ ಬಗ್ಗೆ ಜನ ಮಾತಾಡುವುದು ಕಡಿಮೆ. ಫೋರ್ ರೋಸಸ್ ಅನ್ನುವ ಬರ್ಬನ್ ಕಂಪನಿಯವರು ಎರಡು ಬಗೆಯ ಧಾನ್ಯ ಮಿಶ್ರಣಕ್ಕೆ ಐದು ಬಗೆಯ ಯೀಸ್ಟ್ ಹಾಕಿ ಹತ್ತು ಬೇರೆ ಬೇರೆ ಬರ್ಬನ್ ತೆಗೆಯುತ್ತಾರೆ. ಒಂದರಲ್ಲಿ ಹಣ್ಣಿನ ವಾಸನೆ, ಇನ್ನೊಂದರಲ್ಲಿ ಹೂವಿನದು. ಧಾನ್ಯ ಅದೇ, ನೀರು ಅದೇ.

ಹುಳಿ ಗಂಜಿ ಅಂದೆನಲ್ಲ, ಅದು ಹೀಗೆ. ಹಿಂದಿನ ಸಲ ಭಟ್ಟಿ ಇಳಿಸಿದ ಮೇಲೆ ಅಡಿಯಲ್ಲಿ ಉಳಿಯುವ ಹುಳಿ ನೀರನ್ನು ಈ ಸಲದ ಗಂಜಿಗೆ ಸೇರಿಸುತ್ತಾರೆ. ಇದು ಹಾಲಿಗೆ ಹೆಪ್ಪು ಹಾಕಿದ ಹಾಗೆ ಅಂತ ಎಷ್ಟೋ ಜನ ವಿವರಿಸುತ್ತಾರೆ, ಆದರೆ ಹಾಗಲ್ಲ. ಹೆಪ್ಪಿನಲ್ಲಿ ಜೀವ ಇರುತ್ತದೆ. ಇದು ಭಟ್ಟಿಯಲ್ಲಿ ಕುದ್ದು ಬಂದ ನೀರು, ಇದರಲ್ಲಿದ್ದ ಯೀಸ್ಟ್ ಪೂರ್ತಿ ಸತ್ತಿರುತ್ತದೆ. ಕೆಲಸ ಮಾಡುವುದು ಅದರ ಹುಳಿ. ಹುಳಿ ಇದ್ದಲ್ಲಿ ಬೇಡದ ಬ್ಯಾಕ್ಟೀರಿಯಾ ಬೆಳೆಯುವುದು ಕಷ್ಟ, ಯೀಸ್ಟ್ ಆರಾಮಾಗಿರುತ್ತದೆ. ಕೆಂಟಕಿಯಲ್ಲಿ ಇದು ಇನ್ನೂ ಅಗತ್ಯ, ಯಾಕೆಂದರೆ ಅಲ್ಲಿನ ನೆಲದಡಿ ಇರುವುದು ಸುಣ್ಣಕಲ್ಲು. ಅದರೊಳಗಿಂದ ಸೋಸಿ ಬರುವ ನೀರಿನಲ್ಲಿ ಕಬ್ಬಿಣದ ಅಂಶ ಇರುವುದಿಲ್ಲ. ಕಬ್ಬಿಣ ಇದ್ದರೆ ವಿಸ್ಕಿ ಕಪ್ಪಾಗಿ ರುಚಿ ಕೆಡುತ್ತದೆ, ಹಾಗಾಗಿ ಆ ನೀರು ಒಳ್ಳೆಯದೇ. ಆದರೆ ಅದು ಗಡಸು ನೀರು, ಕ್ಷಾರದ ಕಡೆ ವಾಲುತ್ತದೆ. ಆ ಕ್ಷಾರವನ್ನು ಸರಿದೂಗಿಸುವುದು ಹಿಂದಿನ ಸಲದ ಹುಳಿ. ಬಾಟಲಿಗಳ ಮೇಲೆಲ್ಲ ಸುಣ್ಣಕಲ್ಲಿನ ನೀರಿನ ಗುಣಗಾನ ಇರುತ್ತದೆ, ಈ ಅರ್ಧ ಯಾರೂ ಬರೆಯುವುದಿಲ್ಲ.

ಸ್ಕಾಚ್ ಮಾಲ್ಟ್, ಅಂದರೆ ಮೊಳಕೆ ಬಾರ್ಲಿಯ ಸ್ಕಾಟ್ಲೆಂಡ್ ವಿಸ್ಕಿ, ಮಾಡುವವರು ಬಾರ್ಲಿಯ ಸಿಹಿ ನೀರನ್ನು ಸೋಸಿ ಬರೀ ನೀರನ್ನು ಹುದುಗಿಸುತ್ತಾರೆ. ಬರ್ಬನ್‌ನವರು ಸೋಸುವುದಿಲ್ಲ, ಗಂಜಿ ಸಮೇತ ಹುದುಗಿಸಿ ಗಂಜಿ ಸಮೇತ ಭಟ್ಟಿಗೆ ಹಾಕುತ್ತಾರೆ. ಹೀಗೆ ಮಾಡಿದರೆ ಕೆಳಗಿಂದ ಬೆಂಕಿ ಕೊಡುವ ಹಂಡೆಯಲ್ಲಿ ತಳ ಹಿಡಿಯುತ್ತದೆ. ಅದಕ್ಕೇ ಅಲ್ಲಿ ಎತ್ತರದ ಕಂಬದಂಥ ಭಟ್ಟಿ. ಒಳಗೆ ತೂತು ತೂತಿನ ತಟ್ಟೆಗಳು ಒಂದರ ಕೆಳಗೊಂದು. ಗಂಜಿ ಮೇಲಿಂದ ಇಳಿಯುತ್ತದೆ, ಕೆಳಗಿಂದ ಹಬೆ ಏರುತ್ತದೆ, ಪ್ರತಿ ತಟ್ಟೆಯಲ್ಲೂ ಹಬೆ ಒಂದಿಷ್ಟು ಆಲ್ಕೋಹಾಲ್ ಎತ್ತಿಕೊಂಡು ಹೋಗುತ್ತದೆ. ಅದನ್ನು ಇನ್ನೊಂದು ತಾಮ್ರದ ಹಂಡೆಯಲ್ಲಿ ಮತ್ತೊಮ್ಮೆ ಇಳಿಸುತ್ತಾರೆ. ತಾಮ್ರ ಗಂಧಕದ ಕೆಟ್ಟ ವಾಸನೆ ಹೀರಿಕೊಳ್ಳುತ್ತದೆ. ಹೊರಬರುವುದು ತಿಳಿ ನೀರಿನಂಥ ಮದ್ಯ, ಸುಮಾರು 65ರಿಂದ 70 ಶೇಕಡಾ. ಮೂಗಿಗೆ ಬೇಯಿಸಿದ ಜೋಳದ ವಾಸನೆ ಸ್ಪಷ್ಟವಾಗಿ ಬರುತ್ತದೆ. ಇದಕ್ಕೆ ಕೆಂಟಕಿಯವರು ‘ವೈಟ್ ಡಾಗ್’ ಅನ್ನುತ್ತಾರೆ.

ಇಷ್ಟರವರೆಗೆ ಬರ್ಬನ್‌ನ ಬಣ್ಣವೂ ಇಲ್ಲ, ವೆನಿಲಾ ಪರಿಮಳವೂ ಇಲ್ಲ. ಬಣ್ಣ ಪೂರ್ತಿ ಪೀಪಾಯಿಯಿಂದ ಬರುತ್ತದೆ, ರುಚಿಯ ಅರ್ಧಕ್ಕಿಂತ ಜಾಸ್ತಿಯೂ ಅಲ್ಲಿಂದಲೇ ಅಂತ ಈ ಕೆಲಸದವರಲ್ಲಿ ಬಹುಪಾಲು ಜನ ಒಪ್ಪುತ್ತಾರೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸೋಣ.

ಬಳಸುವುದು ಅಮೆರಿಕದ ಬಿಳಿ ಓಕ್. ಈ ಮರದ ನೀರಿನ ನಾಳಗಳು ವಯಸ್ಸಾದಂತೆ ತಾವೇ ಮುಚ್ಚಿಕೊಳ್ಳುತ್ತವೆ, ಅದಕ್ಕೇ ಸೋರುವುದಿಲ್ಲ. ಕೆಂಪು ಓಕ್‌ನಲ್ಲಿ ಹಾಗಾಗುವುದಿಲ್ಲ, ಅದರ ಪೀಪಾಯಿಯಲ್ಲಿ ಏನೂ ನಿಲ್ಲುವುದಿಲ್ಲ. ಹಲಗೆಗಳನ್ನು ತಿಂಗಳುಗಟ್ಟಲೆ ಬಿಸಿಲು ಮಳೆಗೆ ಬಿಟ್ಟು ಒಣಗಿಸುತ್ತಾರೆ, ಒಗರು ಇಳಿಯುತ್ತದೆ. ಆಮೇಲೆ ನಡುವೆ ಅಗಲ, ತುದಿಗೆ ಕಿರಿದಾಗಿ ಕೆತ್ತಿದ ಮೂವತ್ತರ ಆಸುಪಾಸು ಪಟ್ಟಿಗಳನ್ನು ಕಬ್ಬಿಣದ ಬಳೆಯೊಳಗೆ ಸುತ್ತ ನಿಲ್ಲಿಸುತ್ತಾರೆ, ಹಬೆ ಕೊಟ್ಟು ಬಾಗಿಸುತ್ತಾರೆ, ಬಳೆ ಬಡಿದು ಬಿಗಿಸುತ್ತಾರೆ. ಒಂದು ಮೊಳೆ ಇಲ್ಲ, ಗೋಂದು ಇಲ್ಲ. ಮುಚ್ಚಳದ ಸಂದಿಗೆ ಒಣಗಿಸಿದ ಆಪು ಹುಲ್ಲಿನ ಎಸಳು ಇಡುವುದೂ ಉಂಟು. ಒಳಗೆ ದ್ರವ ತುಂಬಿದಾಗ ಮರ ಉಬ್ಬಿ ತಾನೇ ಮುಚ್ಚಿಕೊಳ್ಳುತ್ತದೆ. ಒಂದು ಪೀಪಾಯಿಗೆ ಸುಮಾರು 200 ಲೀಟರ್ ಹಿಡಿಯುತ್ತದೆ.

ಮುಚ್ಚಳ ಹಾಕುವ ಮೊದಲು ಒಳಗೆ ಬೆಂಕಿ. ಅದೂ ಎಷ್ಟು ಹೊತ್ತು? 15 ಸೆಕೆಂಡಿನಿಂದ 55 ಸೆಕೆಂಡ್, ಅಷ್ಟೇ. ಜ್ವಾಲೆ ಪೀಪಾಯಿಯ ಬಾಯಿಂದ ಮೇಲೆ ನುಗ್ಗುತ್ತದೆ, ನೀರು ಚಿಮುಕಿಸಿ ಆರಿಸುತ್ತಾರೆ. 55 ಸೆಕೆಂಡ್ ಸುಟ್ಟರೆ ಒಳಮೈ ಮೊಸಳೆ ಚರ್ಮದಂತೆ ಬಿರುಕು ಬಿಟ್ಟಿರುತ್ತದೆ. ಈ ಇದ್ದಿಲ ಪದರ ಗಂಧಕದ ಕಾಟು ವಾಸನೆ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ನಿಜವಾದ ಭಂಡಾರ ಇದ್ದಿಲಿನ ಹಿಂದೆ ಇರುವ, ಬಿಸಿ ತಾಗಿದರೂ ಸುಡದೆ ಉಳಿದ ಕೆಂಪು ಪದರ. ಅಲ್ಲಿ ಮರದ ಸಕ್ಕರೆ ಕಂದಿ ಕ್ಯಾರಮೆಲ್‌ನಂತಾಗಿದೆ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಒಡೆದು ವೆನಿಲಿನ್ ಆಗಿದೆ, ವೆನಿಲಾ ಕಾಯಿಯಲ್ಲಿ ಇರುವುದೂ ಇದೇ ವಸ್ತು. ಓಕ್‌ನಲ್ಲಿರುವ ಲ್ಯಾಕ್ಟೋನ್ ಅನ್ನುವ ವಸ್ತುಗಳಿಂದ ಒಣ ಕೊಬ್ಬರಿಯ ವಾಸನೆ. ವರ್ಷಗಟ್ಟಲೆ ವಿಸ್ಕಿ ಹೊತ್ತ ಪೀಪಾಯಿಯ ಒಂದು ಹಲಗೆಯನ್ನು ಅಡ್ಡ ಕೊಯ್ದು ನೋಡಿದರೆ ಮೊದಲು ಕಪ್ಪು, ಆಮೇಲೆ ಕಂದುಗೆಂಪು, ಒಳಗೆ ಎಲ್ಲೋ ಒಂದು ಕಡೆ ಗೆರೆ ಎಳೆದ ಹಾಗೆ ಬಣ್ಣ ನಿಂತು ಹಸಿ ಮರದ ಬಿಳುಪು ಶುರುವಾಗುತ್ತದೆ. ವಿಸ್ಕಿ ಅಲ್ಲಿಯವರೆಗೂ ಹೋಗಿ ಬಂದಿದೆ ಅಂತ ಅರ್ಥ. ನೀವು ಕೇಳಿದ ಬಣ್ಣ ಅಲ್ಲಿಂದ ಬಂದದ್ದು. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಬೆರೆಸಲು ಕಾನೂನಿನ ಅನುಮತಿ ಇದೆ, ಆ ಮಾತು ಬರ್ಬನ್‌ಗೂ ಅಂಟಿಕೊಂಡಿದೆ.

ಹೋಗಿ ಬರುವುದಕ್ಕೆ ಕಾರಣ ಹವೆ. ಕೆಂಟಕಿಯ ಬೇಸಿಗೆ 35 ಡಿಗ್ರಿ ಮುಟ್ಟುತ್ತದೆ, ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತದೆ. ಬಿಸಿಗೆ ಮದ್ಯ ಹಿಗ್ಗಿ ಮರದೊಳಗೆ ನುಗ್ಗುತ್ತದೆ, ಚಳಿಗೆ ಕುಗ್ಗಿ ಹೊರಬರುತ್ತದೆ, ಬರುವಾಗ ಮರದ ಸತ್ವ ತರುತ್ತದೆ. ಗೋದಾಮುಗಳು ಹಲವು ಅಂತಸ್ತಿನವು, ಬಹಳ ಕಡೆ ಮರದ ಚೌಕಟ್ಟಿಗೆ ತಗಡು ಹೊದಿಸಿದ್ದು. ಮೇಲಿನ ಅಂತಸ್ತು ಕಾವಲಿಯಂತೆ ಕಾಯುತ್ತದೆ, ಅಲ್ಲಿ ಮದ್ಯ ಬೇಗ ಮಾಗುತ್ತದೆ, ನೀರು ಜಾಸ್ತಿ ಆರಿ ಅಮಲಿನ ಪ್ರಮಾಣ ಏರುತ್ತದೆ. ಕೆಳಗಿನದು ತಂಪು, ನಿಧಾನ. ಒಂದೇ ದಿನ ತುಂಬಿದ ಎರಡು ಪೀಪಾಯಿ ಎಂಟು ವರ್ಷದ ಮೇಲೆ ಎರಡು ಬೇರೆ ವಿಸ್ಕಿ. ಆರಿಹೋಗುವ ಭಾಗಕ್ಕೆ ದೇವದೂತರ ಪಾಲು ಅನ್ನುತ್ತಾರೆ. ಆ ಆವಿಗೆ ಬೌಡೋಯಿನಿಯಾ ಅನ್ನುವ ಕಪ್ಪು ಬೂಷ್ಟು ಬೆಳೆದು ಗೋದಾಮಿನ ಗೋಡೆ, ಸುತ್ತಲ ಮರ, ನೆರೆಮನೆಗಳಿಗೂ ಹತ್ತುತ್ತದೆ. ಅಕ್ಕಪಕ್ಕದವರಿಗೆ ಇದು ದೊಡ್ಡ ತಲೆನೋವು, ಅವರ ದೂರು ನ್ಯಾಯವಾದದ್ದೇ.

ಈಗ ನಿಮ್ಮ ಬೆಂಗಳೂರಿನ ಬಾಟಲಿ. ಬರ್ಬನ್‌ಗೆ ಹೊಸ ಪೀಪಾಯಿಯೇ ಬೇಕು ಅಂತ ಕಾನೂನು ಇರುವುದರಿಂದ ಒಂದು ಸಲ ಬಳಸಿದ್ದು ಮತ್ತೆ ಬರ್ಬನ್‌ಗೆ ಬರುವುದಿಲ್ಲ. ಆದರೆ ಮರದಲ್ಲಿ ಇನ್ನೂ ಸತ್ವ ಇರುತ್ತದೆ. ಹಾಗಾಗಿ ಖಾಲಿ ಪೀಪಾಯಿಗಳು ಸ್ಕಾಟ್ಲೆಂಡ್, ಐರ್ಲೆಂಡ್, ಕೆರಿಬಿಯನ್ ರಮ್ ಭಟ್ಟಿಗಳು, ಮೆಣಸಿನಕಾಯಿ ಸಾಸ್ ಮಾಡುವ ಟಬಾಸ್ಕೋವರೆಗೆ ಹೋಗುತ್ತವೆ. ನಮ್ಮ ಬೆಂಗಳೂರಿನ ಅಮೃತ್‌ನವರೂ ತರಿಸುತ್ತಾರೆ. 1948ರಲ್ಲಿ ಶುರುವಾದ ಕಂಪನಿ, 2004ರಲ್ಲಿ ತನ್ನ ಸಿಂಗಲ್ ಮಾಲ್ಟ್ ಅನ್ನು ನೇರವಾಗಿ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿತು. ಸ್ಕಾಚ್‌ನ ತವರಿಗೇ ಹೋಗಿ ನಿಂತದ್ದು, ನನಗೆ ಈಗಲೂ ಹೆಮ್ಮೆ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಎರಡು ಶೇಕಡಾ ಆರಿದರೆ ಬೆಂಗಳೂರಿನಲ್ಲಿ ಹತ್ತು ಹನ್ನೆರಡು ಶೇಕಡಾ ಆರುತ್ತದೆ. ಅದಕ್ಕೇ ಇಲ್ಲಿ ನಾಲ್ಕೈದು ವರ್ಷಕ್ಕೇ ಬಾಟಲಿಗೆ ಇಳಿಸುತ್ತಾರೆ. ಅದು ಬರ್ಬನ್ ಅಲ್ಲ, ಬಾರ್ಲಿಯ ಮಾಲ್ಟ್ ವಿಸ್ಕಿ. ಬರ್ಬನ್ ಇದ್ದ ಮರದಲ್ಲಿ ಮಲಗಿ ಎದ್ದದ್ದರಿಂದ ಅದರಲ್ಲಿ ವೆನಿಲಾ, ಕೊಬ್ಬರಿಯ ಛಾಯೆ ಇರುತ್ತದೆ.

ಇಷ್ಟು ಬಿಗಿ ಕಾನೂನು ಎಲ್ಲಿಂದ ಬಂತು? ಕಲಬೆರಕೆಯಿಂದ. ಹತ್ತೊಂಬತ್ತನೇ ಶತಮಾನದಲ್ಲಿ ವಿಸ್ಕಿ ಪೀಪಾಯಿಗಟ್ಟಲೆ ಅಂಗಡಿಗೆ ಹೋಗುತ್ತಿತ್ತು, ನಡುವೆ ಯಾರು ಏನು ಬೆರೆಸಿದರೂ ಗಿರಾಕಿಗೆ ತಿಳಿಯುತ್ತಿರಲಿಲ್ಲ. ಸಪ್ಪೆ ಸ್ಪಿರಿಟ್‌ಗೆ ಒಣದ್ರಾಕ್ಷಿ ರಸ, ತಂಬಾಕು, ಕ್ರಿಯೋಸೋಟ್ ಅನ್ನುವ ಟಾರೆಣ್ಣೆ, ಇನ್ನೂ ಏನೇನೋ ಸೇರಿಸಿ ಹಳೆ ಬರ್ಬನ್ ಅಂತ ಮಾರುತ್ತಿದ್ದರು. 1870ರಲ್ಲಿ ಲೂಯಿವಿಲ್‌ನ ಜಾರ್ಜ್ ಗಾರ್ವಿನ್ ಬ್ರೌನ್ ತಮ್ಮ ಓಲ್ಡ್ ಫಾರೆಸ್ಟರ್ ಬರ್ಬನ್ ಅನ್ನು ಮುದ್ರೆ ಹಾಕಿದ ಗಾಜಿನ ಬಾಟಲಿಯಲ್ಲೇ ಮಾರತೊಡಗಿದರು. ಇ. ಎಚ್. ಟೇಲರ್ ಅನ್ನುವ ತಯಾರಕರು ಸರ್ಕಾರದ ಹಿಂದೆ ಬಿದ್ದು 1897ರ ಬಾಟಲ್ಡ್ ಇನ್ ಬಾಂಡ್ ಕಾನೂನು ತರಿಸಲು ದುಡಿದರು. ಲೇಬಲ್ ಮೇಲೆ ಆ ಹೆಸರು ಹಾಕಬೇಕಾದರೆ ಒಂದೇ ಡಿಸ್ಟಿಲರಿ, ಒಂದೇ ಹಂಗಾಮು, ಸರ್ಕಾರದ ನಿಗಾದ ಗೋದಾಮಿನಲ್ಲಿ ಕನಿಷ್ಠ ನಾಲ್ಕು ವರ್ಷ, 50 ಶೇಕಡಾ ಆಲ್ಕೋಹಾಲ್. ಆಹಾರ ಶುದ್ಧತೆಯ 1906ರ ಕಾನೂನಿಗಿಂತ ಒಂಬತ್ತು ವರ್ಷ ಮೊದಲೇ ಇದು ಬಂತು ಅನ್ನುವುದನ್ನು ಗಮನಿಸಿ.

1920ರಿಂದ 1933ರವರೆಗೆ ಪಾನನಿಷೇಧ. ಔಷಧಿ ಹೆಸರಲ್ಲಿ, ವೈದ್ಯರ ಚೀಟಿ ಮೇಲೆ ಮಾರಲು ಆರು ಕಂಪನಿಗಳಿಗೆ ಮಾತ್ರ ಪರವಾನಗಿ ಸಿಕ್ಕಿತು. ಉಳಿದ ಎಷ್ಟೋ ಭಟ್ಟಿಗಳು ಮುಚ್ಚಿದವು, ಮತ್ತೆ ತೆರೆಯಲೇ ಇಲ್ಲ. ಹೊಸ ಸುಟ್ಟ ಪೀಪಾಯಿ ಕಡ್ಡಾಯವಾದದ್ದು ಆಮೇಲೆ, 1930ರ ದಶಕದಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಸ್ಕಿ ಬಿಟ್ಟು ಕೈಗಾರಿಕೆಗೆ ಆಲ್ಕೋಹಾಲ್ ಮಾಡಿದರು. ಎಪ್ಪತ್ತರ ದಶಕದಲ್ಲಿ ಅಮೆರಿಕದ ಯುವಜನ ವೋಡ್ಕಾ ಕಡೆ ತಿರುಗಿದಾಗ ಬರ್ಬನ್ ನೆಲ ಕಚ್ಚಿತ್ತು. ಗೋದಾಮಿನ ಒಳ್ಳೆಯ ಜಾಗದಿಂದ ಒಂದೇ ಪೀಪಾಯಿ ಆರಿಸಿ ಬಾಟಲಿಗೆ ಇಳಿಸುವ ಬ್ಲ್ಯಾಂಟನ್ಸ್ ಅನ್ನು 1984ರಲ್ಲಿ ಭಟ್ಟಿಗಾರ ಎಲ್ಮರ್ ಲೀ ಹೊರತಂದರು, ಜಪಾನಿನವರು ಮನಸಾರೆ ಕೊಂಡರು, ಅಲ್ಲಿಂದ ನಿಧಾನವಾಗಿ ಚೇತರಿಕೆ.

ಈ ಚರಿತ್ರೆಯಲ್ಲಿ ಬಹಳ ಕಾಲ ಮುಚ್ಚಿಟ್ಟಿದ್ದ ಒಂದು ಭಾಗ ಇದೆ. ಕೆಂಟಕಿ, ಟೆನೆಸಿಯ ಭಟ್ಟಿಗಳಲ್ಲಿ ಗುಲಾಮರು ಸೌದೆ ಹೊತ್ತರು, ಗಂಜಿ ತಿರುವಿದರು ಅಷ್ಟೇ ಅಲ್ಲ, ಭಟ್ಟಿಯ ಕುಶಲಕರ್ಮಿಗಳೂ ಆಗಿದ್ದರು. ಟೆನೆಸಿಯಲ್ಲಿ ಜ್ಯಾಕ್ ಡೇನಿಯಲ್‌ಗೆ ವಿಸ್ಕಿ ಮಾಡುವುದು ಕಲಿಸಿದವರು ನಾಥನ್ ನಿಯರೆಸ್ಟ್ ಗ್ರೀನ್, ಆಗ ಅವರು ಗುಲಾಮರು. ಬಿಡುಗಡೆಯಾದ ಮೇಲೆ ಜ್ಯಾಕ್ ಡೇನಿಯಲ್ ಕಂಪನಿಯ ಮೊದಲ ಮುಖ್ಯ ಭಟ್ಟಿಗಾರರಾದರು. ಲೋಕಕ್ಕೆ ಇದು ಗೊತ್ತಾಗಲು ನೂರೈವತ್ತು ವರ್ಷ ಹಿಡಿಯಿತು. ಕಾಣದ ಇನ್ನೆಷ್ಟು ಕೈಗಳಿದ್ದವೋ. ಅಂದಹಾಗೆ ಟೆನೆಸಿ ವಿಸ್ಕಿ ಬಹುಮಟ್ಟಿಗೆ ಬರ್ಬನ್ ಥರವೇ, ಪೀಪಾಯಿಗೆ ಹಾಕುವ ಮುಂಚೆ ಮೇಪಲ್ ಮರದ ಇದ್ದಿಲಿನಲ್ಲಿ ಸೋಸುತ್ತಾರೆ, ಅದೊಂದೇ ಮುಖ್ಯ ವ್ಯತ್ಯಾಸ.

ಕೊನೆಯ ಪ್ರಶ್ನೆ, ಹಳೆಯದಾದಷ್ಟೂ ಒಳ್ಳೆಯದಾ? ಬರ್ಬನ್ ಮಟ್ಟಿಗೆ ಇಲ್ಲ. ಹೊಸ ಮರ, ಬಿಸಿ ಹವೆ, ಹಾಗಾಗಿ ಸತ್ವ ಬೇಗ ಇಳಿಯುತ್ತದೆ. ನನ್ನ ಪ್ರಕಾರ ಆರರಿಂದ ಹತ್ತು ವರ್ಷದ ನಡುವೆ ಬರ್ಬನ್ ಹದವಾಗಿರುತ್ತದೆ. ಹದಿನೈದು ದಾಟಿದ ಮೇಲೆ ಬಹಳ ಸಲ ಒಗರು, ಮರದ ಪುಡಿ ಜಗಿದ ಅನುಭವ. ಇಪ್ಪತ್ತು ವರ್ಷದ ಬಾಟಲಿಗೆ ಲಕ್ಷಗಟ್ಟಲೆ ಕೊಡುವುದು ಪೀಪಾಯಿಯಲ್ಲಿ ಉಳಿದದ್ದು ಕಡಿಮೆ ಅನ್ನುವ ಕಾರಣಕ್ಕೆ, ರುಚಿ ಅಷ್ಟು ಪಟ್ಟು ಹೆಚ್ಚು ಅಂತಲ್ಲ.

ಕೊಳ್ಳುವಾಗ ಲೇಬಲ್ ಓದಿ. ‘ಸ್ಟ್ರೇಟ್ ಬರ್ಬನ್’ ಅಂತ ಇದ್ದರೆ ಕನಿಷ್ಠ ಎರಡು ವರ್ಷ ಮಾಗಿದೆ. ವಯಸ್ಸೇ ಹಾಕಿಲ್ಲ ಅಂದರೆ ನಾಲ್ಕು ವರ್ಷ ತುಂಬಿದೆ ಅಂತ ಅರ್ಥ, ಅದಕ್ಕಿಂತ ಎಳೆಯದಾದರೆ ವಯಸ್ಸು ಬರೆಯಲೇಬೇಕು. ಹಿಂಬದಿಯಲ್ಲಿ ಯಾವ ರಾಜ್ಯದಲ್ಲಿ ಭಟ್ಟಿ ಇಳಿಸಿದ್ದು ಅಂತ ನೋಡಿ. ಇಂಡಿಯಾನಾ ಅಂತ ಇದ್ದರೆ ಬಹುಶಃ ಲಾರೆನ್ಸ್‌ಬರ್ಗ್‌ನ ದೊಡ್ಡ ಕಾರ್ಖಾನೆಯದ್ದು, ಎಷ್ಟೋ ಹೊಸ ಬ್ರ್ಯಾಂಡ್‌ಗಳು ಅಲ್ಲಿಂದ ಕೊಂಡು ತಮ್ಮ ಹೆಸರು ಹಾಕುತ್ತವೆ. ಅದರಿಂದ ವಿಸ್ಕಿ ಕೆಟ್ಟದ್ದೇನೂ ಆಗುವುದಿಲ್ಲ, ಆದರೆ ಅಜ್ಜನ ಕಾಲದ ಗುಟ್ಟು ಅಂತ ಮೇಲೆ ಬರೆದಿದ್ದರೆ ನಂಬಬೇಡಿ. ಭಾರತದಲ್ಲಿ 2025ರ ಫೆಬ್ರವರಿಯಲ್ಲಿ ಬರ್ಬನ್ ಮೇಲಿನ ಆಮದು ಸುಂಕವನ್ನು 150ರಿಂದ 100 ಶೇಕಡಾಕ್ಕೆ ಇಳಿಸಿದರು. ಆದರೂ ರಾಜ್ಯದ ಅಬಕಾರಿ ಸೇರಿ ಬೆಲೆ ಜಾಸ್ತಿಯೇ ಇರುತ್ತದೆ. ಹಾಗಾಗಿ ಮೊದಲಿಗೆ ಸಾಮಾನ್ಯ ಬೆಲೆಯದ್ದನ್ನೇ ತೆಗೆದುಕೊಳ್ಳಿ, ಒಂದು ರೈ ಹಾಕಿದ್ದು, ಒಂದು ಗೋಧಿ ಹಾಕಿದ್ದು, ಗೆಳೆಯರ ಜೊತೆ ಪಕ್ಕಪಕ್ಕ ಇಟ್ಟು ಸ್ವಲ್ಪ ಸ್ವಲ್ಪ ರುಚಿ ನೋಡಿ. ವ್ಯತ್ಯಾಸ ಮೊದಲ ಗುಟುಕಿಗೇ ಗೊತ್ತಾಗುತ್ತದೆ. ಅಮಲು 50 ಶೇಕಡಾ ಮೀರಿದ್ದಕ್ಕೆ ಒಂದು ಚಮಚ ನೀರು ಹಾಕಿ, ಪರಿಮಳ ಬಿಚ್ಚಿಕೊಳ್ಳುತ್ತದೆ. ಬಾಟಲಿಗೆ ಬಂದ ಮೇಲೆ ವಿಸ್ಕಿ ಮಾಗುವುದಿಲ್ಲ, ಹತ್ತು ವರ್ಷ ಇಟ್ಟರೂ ಅದೇ ವಯಸ್ಸು. ವೈನ್ ಥರ ಅಡ್ಡ ಮಲಗಿಸಬೇಡಿ, ಗಾಢ ಆಲ್ಕೋಹಾಲ್ ಬಿರಡೆಯನ್ನು ತಿಂದುಹಾಕುತ್ತದೆ. ನೆಟ್ಟಗೆ ನಿಲ್ಲಿಸಿ, ಬಿಸಿಲಿಗೆ ಬಿಡಬೇಡಿ.